ಹಾವು ಕಡಿತದ ಲೆಕ್ಕ ಏರಿದ್ದು ಯಾಕೆ? ಮದ್ದಿದ್ದೂ ಜನ ಸಾಯುವುದು ಯಾಕೆ?

ಹಾವು ಕಡಿತದ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ಗೊಂದಲವಾಗುತ್ತದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಮೇಲೆ ನೋಡಿದರೆ ಸಂಖ್ಯೆ ಏರಿಬಿಟ್ಟಿತು. 2023ರಲ್ಲಿ ಸುಮಾರು ಆರೂವರೆ ಸಾವಿರ ಕಡಿತ, 19 ಸಾವು ಎನ್ನುತ್ತಿದ್ದ ಸರ್ಕಾರಿ ಲೆಕ್ಕ 2024ರಲ್ಲಿ 13 ಸಾವಿರ ದಾಟಿತು. ಸಾವಿನ ಲೆಕ್ಕ ನೂರರ ಆಸುಪಾಸಿಗೆ ಬಂತು. ಅದೇ ವರ್ಷ ಕೇಂದ್ರ ಸರ್ಕಾರ, 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುತ್ತೇವೆ ಎಂಬ ಯೋಜನೆ ಪ್ರಕಟಿಸಿತು. 2025ರ ಮೇ ತಿಂಗಳಲ್ಲಿ ಅಮೆರಿಕದಿಂದ ಇನ್ನೊಂದು ಸುದ್ದಿ ಬಂತು. ಸುಮಾರು ಹದಿನೆಂಟು ವರ್ಷ ತನಗೆ ತಾನೇ ಹಾವಿನ ವಿಷ ಚುಚ್ಚಿಕೊಂಡ ಒಬ್ಬ ಮನುಷ್ಯನ ರಕ್ತದಿಂದ 'ಎಲ್ಲ ಹಾವಿಗೂ ಒಂದೇ ಮದ್ದು' ತಯಾರಾಗಲಿದೆಯಂತೆ.

ಹಾಗಾದರೆ ಹಾವುಗಳು ಜಾಸ್ತಿ ಕಚ್ಚುತ್ತಿವೆಯಾ? ಈಗಿರುವ ಮದ್ದು ಕೆಲಸ ಮಾಡುತ್ತಿಲ್ಲವಾ? ಹೊಸದು ಬಂದರೆ ಎಲ್ಲ ಸರಿಹೋಗುತ್ತಾ? ಈ ಮೂರು ಪ್ರಶ್ನೆಗಳ ಹಿಂದೆ ಇರುವುದು ಒಂದೇ ವಿಷಯ: ಹಾವು ಕಚ್ಚಿದ ಹೊತ್ತಿಗೂ ಮೊದಲ ಡೋಸ್ ಮೈಗೆ ಸೇರುವ ಹೊತ್ತಿಗೂ ನಡುವೆ ಎಷ್ಟು ಸಮಯ ಹೋಗುತ್ತದೆ, ಮತ್ತು ಅದು ಎಲ್ಲೆಲ್ಲಿ ಹೋಗುತ್ತದೆ ಎನ್ನುವುದು.

ಹಾವು ಜಾಸ್ತಿ ಆಗಿಲ್ಲ, ಬರೆದುಕೊಳ್ಳುವವರು ಜಾಸ್ತಿ ಆದರು

ಮೊದಲು ಸಂಖ್ಯೆಯ ವಿಷಯ. ಒಂದು ವರ್ಷದಲ್ಲಿ ಹಾವುಗಳ ಸಂಖ್ಯೆಯೋ ಅವುಗಳ ಸಿಟ್ಟೋ ದುಪ್ಪಟ್ಟಾಗುವುದಿಲ್ಲ. ಮಳೆಗಾಲ ಜೋರಾದ ವರ್ಷ ಕಡಿತ ಒಂದಿಷ್ಟು ಹೆಚ್ಚಬಹುದು, ಅಷ್ಟೆ. ಹೀಗೆ ಒಂದೇ ಸಲ ಏರಿದರೆ ಅದಕ್ಕೆ ಮುಖ್ಯ ಕಾರಣ ವರದಿ ಮಾಡುವ ನಿಯಮ. ಮೊದಲು ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿ ದಾಖಲಾಗಿ, ಚಿಕಿತ್ಸೆ ಪಡೆದು, ಮನೆಗೆ ಹೋದರೂ ಆ ಮಾಹಿತಿ ಜಿಲ್ಲಾ ಕೇಂದ್ರಕ್ಕೆ ತಲುಪುತ್ತಿರಲಿಲ್ಲ. ಖಾಸಗಿ ಆಸ್ಪತ್ರೆಗಳಂತೂ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಈಗ ಕಾನೂನಿನ ಪ್ರಕಾರ ಹೇಳಲೇಬೇಕು.

ಇದಕ್ಕೆ ಆಕ್ಷೇಪ ಇದ್ದೇ ಇದೆ. ಹಾವು ಕಡಿತ ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ಹಾಗಿದ್ದ ಮೇಲೆ ಕಾಲರಾ, ಡೆಂಗಿಗೆ ಬಳಸುವ ಸಾಂಕ್ರಾಮಿಕ ರೋಗಗಳ ಕಾಯ್ದೆ ಇದಕ್ಕೆ ಯಾಕೆ? ಮೊದಲೇ ಕೈತುಂಬ ಕೆಲಸವಿರುವ ವೈದ್ಯರಿಗೆ ಇನ್ನೊಂದು ಫಾರಂ ತುಂಬಿಸುವ ಕೆಲಸ ಯಾಕೆ? ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನೋಡಬೇಕು. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಹೋದ ವರ್ಷ ಎರಡೇ ಕಡಿತ ಇದ್ದರೆ, ಈ ವರ್ಷ ಅಲ್ಲಿಗೆ ಮದ್ದು ಕಡಿಮೆ ಬರುತ್ತದೆ. ಮದ್ದು ಇಲ್ಲ ಅಂತ ಗೊತ್ತಾದ ಊರಿನವರು ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ. ಮುಂದಿನ ವರ್ಷದ ದಾಖಲೆಯಲ್ಲಿ ಕಡಿತ ಇನ್ನೂ ಕಡಿಮೆ. ಕಾಗದದ ಮೇಲೆ ಸಮಸ್ಯೆ ಕರಗುತ್ತಾ ಹೋಗುತ್ತದೆ, ಊರಲ್ಲಿ ಸಾವು ಹಾಗೇ ಇರುತ್ತದೆ.

ಕರ್ನಾಟಕದ ನಂತರ ತಮಿಳುನಾಡು ಇದೇ ಹೆಜ್ಜೆ ಇಟ್ಟಿತು. 2024ರ ನವೆಂಬರ್ ಕೊನೆಗೆ ಕೇಂದ್ರ ಆರೋಗ್ಯ ಇಲಾಖೆ ಎಲ್ಲ ರಾಜ್ಯಗಳಿಗೂ ಹೀಗೇ ಮಾಡಿ ಅಂತ ಪತ್ರ ಬರೆಯಿತು. ಅಂದರೆ ಇನ್ನು ಕೆಲವು ವರ್ಷ ದೇಶದ ಬೇರೆ ಕಡೆಯೂ ಸಂಖ್ಯೆ ಏರುವ ಸುದ್ದಿಗಳೇ ಬರಬಹುದು. ಗಾಬರಿ ಬೀಳಬೇಕಿಲ್ಲ. ಸದ್ಯಕ್ಕೆ ಲೆಕ್ಕ ಏರದ ರಾಜ್ಯದ ಬಗ್ಗೆಯೇ ಅನುಮಾನ ಪಡಬೇಕು.

ಒಂದೇ ದೇಶ, ಎರಡು ಲೆಕ್ಕ

ಎಷ್ಟು ಸಾವು ಲೆಕ್ಕಕ್ಕೆ ಬರದೆ ಹೋಗುತ್ತಿವೆ? ಕೇಂದ್ರ ಸರ್ಕಾರದ ಆಸ್ಪತ್ರೆ ದಾಖಲೆಗಳ ಪ್ರಕಾರ 2016ರಿಂದ 2020ರ ನಡುವೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 3 ಲಕ್ಷ ಕಡಿತ, ಸುಮಾರು 2,000 ಸಾವು. ಆದರೆ ದೇಶದಾದ್ಯಂತ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಮಾಡಿದ ಅಧ್ಯಯನವೊಂದು 2020ರಲ್ಲಿ ಬೇರೆಯೇ ಚಿತ್ರ ಕೊಟ್ಟಿತು. 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000.

ಎರಡು ಸಾವಿರ ಎಲ್ಲಿ, ಐವತ್ತೆಂಟು ಸಾವಿರ ಎಲ್ಲಿ? ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದು ಲೆಕ್ಕ ಆಸ್ಪತ್ರೆಯ ಒಳಗಿನದು, ಇನ್ನೊಂದು ಊರಿನದು. ಇದೇ ಸಮೀಕ್ಷೆಯ ಹಿಂದಿನ ಕಂತು 2011ರಲ್ಲಿ ಪ್ರಕಟವಾಗಿತ್ತು. ಹಾವು ಕಡಿದು ಸತ್ತವರಲ್ಲಿ ನೂರಕ್ಕೆ 77 ಮಂದಿ ಆಸ್ಪತ್ರೆಯ ಹೊರಗೇ ಸತ್ತಿದ್ದರು ಅಂತ ಅದು ಹೇಳಿತ್ತು. ಮನೆಯಲ್ಲಿ, ದಾರಿಯಲ್ಲಿ, ನಾಟಿ ವೈದ್ಯರ ಜಗುಲಿಯಲ್ಲಿ. ಆಸ್ಪತ್ರೆಗೆ ಬರದವರನ್ನು ಆಸ್ಪತ್ರೆ ಹೇಗೆ ಎಣಿಸೀತು?

ಕಡ್ಡಾಯ ವರದಿಯ ಮಿತಿಯೂ ಇಲ್ಲೇ ಇದೆ. ಹೊಸ ನಿಯಮ ಆಸ್ಪತ್ರೆಯ ಬಾಗಿಲು ದಾಟಿ ಬಂದವರನ್ನು ಎಣಿಸುತ್ತದೆ. ಬಾಗಿಲವರೆಗೆ ಬರದವರ ಲೆಕ್ಕ ಸಿಗಬೇಕಾದರೆ ಊರಿನ ಸಾವಿನ ನೋಂದಣಿಯಲ್ಲೇ ಕಾರಣ ಸರಿಯಾಗಿ ದಾಖಲಾಗಬೇಕು. 2030ರೊಳಗೆ ಅರ್ಧಕ್ಕೆ ಇಳಿಸುತ್ತೇವೆ ಎನ್ನುವ ಗುರಿಗೂ ಇದೇ ತೊಡಕು. ಯಾವುದರ ಅರ್ಧ? ಎರಡು ಸಾವಿರದ್ದೋ ಐವತ್ತೆಂಟು ಸಾವಿರದ್ದೋ? ಮೊದಲನೆಯದನ್ನು ಹಿಡಿದು ಹೊರಟರೆ, ಪ್ರಾಮಾಣಿಕವಾಗಿ ಎಣಿಸುವ ರಾಜ್ಯವೇ ಸೋತ ಹಾಗೆ ಕಾಣುತ್ತದೆ.

ಯಾರಿಗೆ, ಯಾವಾಗ

ಹಾವು ಕಡಿತ ಅಂದ ಕೂಡಲೇ ಕಾಡು ನೆನಪಾಗುತ್ತದೆ. ನಿಜದಲ್ಲಿ ಇದು ಹೊಲ, ಕಣ, ಹುಲ್ಲಿನ ಬಣವೆ, ಮನೆಯ ಹಿತ್ತಲಿನ ಸಮಸ್ಯೆ. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಸಾವಿನಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆಗುತ್ತವೆ. ಬಿಲದೊಳಗೆ ನೀರು ನುಗ್ಗಿ ಹಾವು ಹೊರಬರುವ, ಜನ ಬರಿಗಾಲಲ್ಲಿ ಗದ್ದೆಗೆ ಇಳಿಯುವ ತಿಂಗಳುಗಳು ಅವೇ. ಸತ್ತವರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಹದಿನೈದು ವರ್ಷದೊಳಗಿನ ಮಕ್ಕಳು. ಉಳಿದವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು.

ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ವಿಷ ಇರುವವು ಅರವತ್ತರಷ್ಟು. ಜೀವ ತೆಗೆಯುವುದರಲ್ಲಿ ಮುಂದಿರುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ಪ್ರತಿವಿಷ, ಅಂದರೆ ಹಾವು ಕಡಿತಕ್ಕೆ ಕೊಡುವ ಮದ್ದು, ತಯಾರಾಗುವುದು ಈ ನಾಲ್ಕರ ವಿಷದಿಂದಲೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಚ್ಚಿದ ಮೇಲೆ ಮೈಯೊಳಗೆ

ಕಟ್ಟುಹಾವಿನ ಕಡಿತ ಹೀಗಿರುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು ಇರುವುದೇ ಇಲ್ಲ ಎನ್ನಬಹುದು. ಊತವೂ ಇಲ್ಲ. ಹಲ್ಲಿನ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ಸೊಳ್ಳೆಯೋ ಇರುವೆಯೋ ಅಂದುಕೊಂಡು ಮಗ್ಗುಲು ಬದಲಿಸುತ್ತಾರೆ. ನಡುರಾತ್ರಿ ಹೊಟ್ಟೆನೋವು ಶುರುವಾಗುತ್ತದೆ. ರಾತ್ರಿಯ ಊಟ ಆಗಿಬರಲಿಲ್ಲ ಅಂತ ಮನೆಯವರು ಭಾವಿಸುತ್ತಾರೆ. ಬೆಳಗ್ಗೆ ನೋಡಿದರೆ ಕಣ್ಣಿನ ರೆಪ್ಪೆ ಎತ್ತಲು ಆಗುವುದಿಲ್ಲ. ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮನುಷ್ಯನಿಗೆ ಪ್ರಜ್ಞೆ ಇರುತ್ತದೆ, ಉಸಿರೆಳೆಯಲು ಆಗುವುದಿಲ್ಲ.

ಕೊಳಕುಮಂಡಲದ ದಾರಿ ಬೇರೆ. ಕಚ್ಚಿದ ಕೂಡಲೇ ಉರಿ, ಬೇಗ ಬೇಗ ಊತ. ಅದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ವಸಡಿನಿಂದ, ಹಳೇ ಗಾಯದಿಂದ, ಮೂತ್ರದಲ್ಲಿ ರಕ್ತ ಬರುತ್ತದೆ. ಆಮೇಲೆ ಕಿಡ್ನಿ ಕೆಡುತ್ತದೆ. ಇದನ್ನು ಪತ್ತೆ ಮಾಡಲು ದೊಡ್ಡ ಲ್ಯಾಬ್ ಬೇಕಿಲ್ಲ. ಒಣಗಿದ, ಶುಭ್ರವಾದ ಗಾಜಿನ ಕೊಳವೆಗೆ ಒಂದೆರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಒಂದು ಸಲ ಓರೆ ಮಾಡಿ ನೋಡಿದರೆ ಸಾಕು. ರಕ್ತ ಇನ್ನೂ ನೀರಿನ ಹಾಗೆ ಹರಿದರೆ ಪ್ರತಿವಿಷ ಶುರು ಮಾಡಬೇಕು. ಪ್ಲಾಸ್ಟಿಕ್ ಕೊಳವೆ ಆಗುವುದಿಲ್ಲ, ಸೋಪಿನಲ್ಲಿ ತೊಳೆದ ಕೊಳವೆಯೂ ಆಗುವುದಿಲ್ಲ. ಎರಡರಲ್ಲೂ ಪರೀಕ್ಷೆ ತಪ್ಪು ಉತ್ತರ ಕೊಡುತ್ತದೆ. ಇಷ್ಟು ಸರಳ ಪರೀಕ್ಷೆ ಕೆಡುವುದು ಇಂಥ ಚಿಕ್ಕ ಕಾರಣಕ್ಕೇ.

ಈಗ ಮುಖ್ಯವಾದ ಮಾತು. ಪ್ರತಿವಿಷ ಹಿಡಿಯುವುದು ರಕ್ತದಲ್ಲಿ ಇನ್ನೂ ತಿರುಗಾಡುತ್ತಿರುವ ವಿಷವನ್ನು. ಆಗಿಹೋದ ಹಾನಿಯನ್ನು ಅದು ವಾಪಸ್ ಮಾಡಲಾರದು. ಕಟ್ಟುಹಾವಿನ ವಿಷ ನರದ ತುದಿಯನ್ನು ಕೆಡಿಸಿದ ಮೇಲೆ ಎಷ್ಟು ಬಾಟಲಿ ಏರಿಸಿದರೂ ಅದು ಆ ಕ್ಷಣಕ್ಕೆ ಸರಿಹೋಗುವುದಿಲ್ಲ. ನರದ ತುದಿ ಮತ್ತೆ ಬೆಳೆಯುವವರೆಗೆ ವೆಂಟಿಲೇಟರ್ ಉಸಿರಾಡಿಸಬೇಕು. ಕೆಟ್ಟ ಕಿಡ್ನಿಗೂ ಹಾಗೇ, ಡಯಾಲಿಸಿಸ್ ಬೇಕು. ಅದಕ್ಕೇ ಒಂದು ಗಂಟೆಯಲ್ಲಿ ಕೊಟ್ಟ ಹತ್ತು ವಯಲ್ (ಮದ್ದಿನ ಚಿಕ್ಕ ಬಾಟಲಿ) ಮಾಡುವ ಕೆಲಸವನ್ನು ಹತ್ತು ಗಂಟೆಯ ನಂತರ ಕೊಟ್ಟ ಮೂವತ್ತು ವಯಲ್ ಮಾಡಲಾರವು.

ಮೊದಲ ಗಂಟೆ ಎಲ್ಲಿ ಹೋಗುತ್ತದೆ

ಮೊದಲ ಗಂಟೆ ಸಾಮಾನ್ಯವಾಗಿ ಊರಲ್ಲೇ ಹೋಗುತ್ತದೆ. ಹಗ್ಗದಲ್ಲೋ ಟವೆಲ್ಲಿನಲ್ಲೋ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿ ಕುಡಿಸುವುದು, ಮಂತ್ರ ಹಾಕಿಸುವುದು, ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದು. ಇದರಲ್ಲಿ ಯಾವುದೂ ವಿಷವನ್ನು ಇಲ್ಲವಾಗಿಸುವುದಿಲ್ಲ. ಕೆಲವು ನೇರವಾಗಿ ಹಾನಿ ಮಾಡುತ್ತವೆ. ರಕ್ತ ಹೆಪ್ಪುಗಟ್ಟದ ಸ್ಥಿತಿಯಲ್ಲಿ ಬ್ಲೇಡಿನ ಗಾಯ ಅಪಾಯ. ಬಿಗಿ ಕಟ್ಟಿನಿಂದ ಕೈಕಾಲು ಕೊಳೆಯಬಹುದು. ಅದನ್ನು ಒಮ್ಮೆಲೇ ಬಿಚ್ಚಿದರೆ ತಡೆದಿದ್ದ ವಿಷವೆಲ್ಲ ಒಟ್ಟಿಗೆ ಮೈಗೆ ನುಗ್ಗಬಹುದು.

ನಾಟಿ ವೈದ್ಯರನ್ನು ಜನ ನಂಬುವುದು ಮೂಢನಂಬಿಕೆಯಿಂದ ಮಾತ್ರ ಅಂದರೆ ಅರ್ಧ ಸತ್ಯ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ಕೇರೆಹಾವಿನಂಥ ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ಹೀಗಾಗಿ ಯಾವ ಸೊಪ್ಪು ಅರೆದು ಕೊಟ್ಟರೂ ಬಹಳಷ್ಟು ಜನ ಬದುಕುತ್ತಾರೆ. ಬದುಕಿದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ. ಸತ್ತವರದ್ದು 'ಹಣೆಬರಹ' ಆಗುತ್ತದೆ. ಮೇಲಾಗಿ ನಾಟಿ ವೈದ್ಯರು ರಾತ್ರಿ ಎರಡು ಗಂಟೆಗೂ ಮನೆಯಲ್ಲಿ ಸಿಗುತ್ತಾರೆ, ಅಲ್ವಾ? ಆರೋಗ್ಯ ಕೇಂದ್ರಕ್ಕೆ ಆ ಹೊತ್ತಲ್ಲಿ ಬೀಗ ಹಾಕಿರುತ್ತದೆ. ಈ ಕಾರಣಕ್ಕೇ ಅವರನ್ನು ಬೈಯುವ ಬದಲು 'ನಿಮ್ಮ ಹತ್ತಿರ ಬಂದವರನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ' ಅಂತ ಒಪ್ಪಿಸುವ ದಾರಿಯನ್ನು ಹಲವು ಆರೋಗ್ಯ ಕಾರ್ಯಕರ್ತರು ಹಿಡಿದಿದ್ದಾರೆ.

ಮಾಡಬೇಕಾದ್ದು ಕಡಿಮೆ. ಉಂಗುರ, ಬಳೆ, ಗಡಿಯಾರ ತೆಗೆಯಬೇಕು, ಊತ ಬಂದರೆ ಅವು ಚರ್ಮಕ್ಕೆ ಕಚ್ಚಿಕೊಳ್ಳುತ್ತವೆ. ಕಚ್ಚಿದ ಕೈಯನ್ನೋ ಕಾಲನ್ನೋ ಮೂಳೆ ಮುರಿದಾಗ ಮಾಡುವ ಹಾಗೆ ಕೋಲಿಟ್ಟು ಅಲ್ಲಾಡದಂತೆ ಸಡಿಲವಾಗಿ ಕಟ್ಟಬೇಕು. ನಡೆಸಬಾರದು. ವಾಂತಿ ಇದ್ದರೆ ಎಡಮಗ್ಗುಲಿಗೆ ಮಲಗಿಸಬೇಕು. ಹಾವನ್ನು ತರುವುದು ಬೇಡ. ವೈದ್ಯರು ಚಿಕಿತ್ಸೆ ಕೊಡುವುದು ಲಕ್ಷಣ ನೋಡಿ, ಹಾವು ನೋಡಿ ಅಲ್ಲ.

ವಾಹನವೂ ಒಂದು ಔಷಧಿಯೇ. ನೇಪಾಳದ ಆಗ್ನೇಯ ಭಾಗದ ಕೆಲವು ಹಳ್ಳಿಗಳಲ್ಲಿ ಸ್ವಯಂಸೇವಕರ ಬೈಕ್‌ಗಳನ್ನು ಇದಕ್ಕೆಂದೇ ಗೊತ್ತುಮಾಡಿದ್ದರು. ಹಾವು ಕಚ್ಚಿದವರನ್ನು ಓಡಿಸುವವನ ಮತ್ತು ಹಿಂದೆ ಕೂತವನ ನಡುವೆ ಕೂರಿಸಿ ನೇರವಾಗಿ ಚಿಕಿತ್ಸಾ ಕೇಂದ್ರಕ್ಕೆ ಒಯ್ಯುವುದು, ಜೊತೆಗೆ ಊರವರಿಗೆ ತಿಳಿವಳಿಕೆ ಕೊಡುವುದು, ಇಷ್ಟೇ ಯೋಜನೆ. ಕಚ್ಚಿಸಿಕೊಂಡವರಲ್ಲಿ ಸಾಯುವವರ ಪ್ರಮಾಣ ಶೇಕಡ 10.5ರಿಂದ 0.5ಕ್ಕೆ ಇಳಿಯಿತು ಅಂತ 2013ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲ್ಲಿ ಹೊಸ ಮದ್ದೇನೂ ಬಂದಿರಲಿಲ್ಲ.

ಪಿಎಚ್‌ಸಿ ಬಾಗಿಲಲ್ಲಿ ಸಿಗುವ ರೆಫರಲ್ ಚೀಟಿ

ಎರಡನೇ ನಷ್ಟ ಆಸ್ಪತ್ರೆಯಲ್ಲೇ ಆಗುತ್ತದೆ. ಇದರ ಬಗ್ಗೆ ಚರ್ಚೆ ಕಡಿಮೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬೇಕು ಅಂತ ನಿಯಮ ಇದೆ. ಪುಡಿ ರೂಪದ ಮದ್ದು ಫ್ರಿಜ್ ಇಲ್ಲದ ಕಡೆಯೂ ವರ್ಷಗಟ್ಟಲೆ ಕೆಡದೆ ಇರುತ್ತದೆ. ಆದರೂ ರೋಗಿ ಬಂದಾಗ ಎಷ್ಟೋ ಕಡೆ ಸಿಗುವುದು ಒಂದು ಟಿಟಿ ಇಂಜೆಕ್ಷನ್ ಮತ್ತು 'ತಾಲ್ಲೂಕು ಆಸ್ಪತ್ರೆಗೆ ಹೋಗಿ' ಎನ್ನುವ ಚೀಟಿ. ತಾಲ್ಲೂಕಿನಿಂದ ಜಿಲ್ಲೆಗೆ ಇನ್ನೊಂದು ಚೀಟಿ.

ಕಾರಣ ಹೆದರಿಕೆ. ಪ್ರತಿವಿಷವನ್ನು ತಯಾರಿಸುವುದು ಕುದುರೆಗಳಿಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅವುಗಳ ರಕ್ತದಲ್ಲಿ ಬೆಳೆಯುವ ಪ್ರತಿಕಾಯಗಳನ್ನು ಬೇರ್ಪಡಿಸಿ. ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟ್ 1890ರ ದಶಕದಲ್ಲಿ ತೋರಿಸಿದ ದಾರಿಯಲ್ಲೇ ಇವತ್ತಿಗೂ ನಡೆಯುತ್ತಿದ್ದೇವೆ. ಕುದುರೆಯ ಪ್ರೋಟೀನ್ ಮನುಷ್ಯನ ಮೈಗೆ ಪರಕೀಯ. ಕೆಲವರಿಗೆ ತುರಿಕೆ, ನಡುಕ ಬರುತ್ತದೆ. ಕೆಲವರಿಗೆ ರಕ್ತದೊತ್ತಡ ಕುಸಿದು, ಗಂಟಲು ಊದಿ, ಜೀವಕ್ಕೇ ಅಪಾಯವಾಗುವ ಅಲರ್ಜಿ ಆಗುತ್ತದೆ. ಒಬ್ಬರೇ ವೈದ್ಯರು, ಒಬ್ಬರೇ ನರ್ಸ್ ಇರುವ ಕೇಂದ್ರದಲ್ಲಿ ಹೀಗಾದರೆ? ರೋಗಿ ಸತ್ತರೆ ಹೊರಗೆ ನೆರೆದ ಜನ ದೂರುವುದು ಹಾವನ್ನಲ್ಲ, ಸೂಜಿ ಚುಚ್ಚಿದವರನ್ನು. ರೆಫರ್ ಮಾಡಿದ ವೈದ್ಯರ ಮೇಲೆ ಯಾರೂ ಕೈ ಎತ್ತುವುದಿಲ್ಲ.

ಹಾಗಾಗಿ ಇಲ್ಲಿ ಎರಡು ವಾದಗಳಿವೆ. ಒಂದು: ಎಲ್ಲ ಕಡೆ ಮದ್ದು ಹಂಚಿ ಪ್ರಯೋಜನವಿಲ್ಲ, ವೆಂಟಿಲೇಟರ್ ಇರುವ, ಅನುಭವಿ ವೈದ್ಯರಿರುವ ಕೆಲವೇ ಆಸ್ಪತ್ರೆಗಳನ್ನು ಗಟ್ಟಿ ಮಾಡಿ, ರೋಗಿಯನ್ನು ಬೇಗ ಅಲ್ಲಿಗೆ ಸಾಗಿಸಿ. ಹಂಚಿದ ಮದ್ದು ಮೂಲೆಯಲ್ಲಿ ಬಿದ್ದು ಅವಧಿ ಮೀರುತ್ತದೆ. ಇನ್ನೊಂದು: ಮೊದಲ ಡೋಸ್ ಹತ್ತಿರದಲ್ಲೇ ಸಿಗಬೇಕು, ಆಮೇಲೆ ಬೇಕಾದರೆ ಆಂಬ್ಯುಲೆನ್ಸಿನಲ್ಲಿ ಉಸಿರಾಟಕ್ಕೆ ಆಸರೆ ಕೊಡುತ್ತಾ ಮೇಲಿನ ಆಸ್ಪತ್ರೆಗೆ ಕಳಿಸಿ.

ಎರಡರಲ್ಲೂ ಹುರುಳಿದೆ. ಆದರೆ ವಿಷ ಕೆಲಸ ಮಾಡುವ ರೀತಿ ನೋಡಿದರೆ ಎರಡನೆಯದೇ ಸರಿ ಅನ್ನಿಸುತ್ತದೆ. ಅಲರ್ಜಿಯ ಹೆದರಿಕೆಗೆ ಉತ್ತರ ಇದೆ, ಅದು ಅಡ್ರಿನಲಿನ್. ಎಲ್ಲ ಕೇಂದ್ರದಲ್ಲೂ ಸಿಗುವ, ಅಗ್ಗದ ಇಂಜೆಕ್ಷನ್. ಪ್ರತಿವಿಷ ಕೊಡುವ ಮುನ್ನ ಚರ್ಮದಡಿ ಸಣ್ಣ ಪ್ರಮಾಣದ ಅಡ್ರಿನಲಿನ್ ಕೊಟ್ಟರೆ ತೀವ್ರ ಅಲರ್ಜಿ ಗಮನಾರ್ಹವಾಗಿ ಇಳಿಯುತ್ತದೆ ಎಂದು ಶ್ರೀಲಂಕಾದ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2011ರಲ್ಲೇ ತೋರಿಸಿತು. ಬೇಕಾಗಿರುವುದು ಕಿರಿಯ ವೈದ್ಯರಿಗೆ ಮತ್ತು ನರ್ಸ್‌ಗಳಿಗೆ ಕೈಯಾರೆ ಮಾಡಿ ಕಲಿಯುವ ತರಬೇತಿ. ಜೊತೆಗೆ, ನಿಯಮದ ಪ್ರಕಾರ ಚಿಕಿತ್ಸೆ ಕೊಟ್ಟರೆ ಇಲಾಖೆ ಬೆನ್ನಿಗೆ ನಿಲ್ಲುತ್ತದೆ ಎನ್ನುವ ಭರವಸೆ. ಮದ್ದಿನ ಬಾಟಲಿ ಹಂಚುವುದು ಸುಲಭ, ಈ ಧೈರ್ಯ ಹಂಚುವುದು ಕಷ್ಟ.

ಹಾಗಂತ ಹಾವು ಕಚ್ಚಿತು ಅಂದ ಎಲ್ಲರಿಗೂ ಪ್ರತಿವಿಷ ಏರಿಸುವುದೂ ತಪ್ಪು. ಲಕ್ಷಣ ಇಲ್ಲದಿದ್ದರೆ ಕೊಡುವಂತಿಲ್ಲ. ಒಂದು ದಿನ ಆಸ್ಪತ್ರೆಯಲ್ಲಿಟ್ಟು ಗಮನಿಸಬೇಕು. ಮಗುವಿಗೆ ಲಕ್ಷಣ ಕಂಡರೆ ಮಾತ್ರ ಡೋಸ್ ಕಡಿಮೆ ಮಾಡಬಾರದು. ಹಾವು ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲವಲ್ಲ.

ಎಲ್ಲ ಕಡೆಗೂ ಒಂದೇ ಪ್ರತಿವಿಷ ಸಾಕೇ

ಸರಿಯಾದ ಹೊತ್ತಿಗೆ ಬಂದು, ಸರಿಯಾದ ಡೋಸ್ ಕೊಟ್ಟರೂ ಕೆಲವು ಕಡೆ ಮದ್ದು ಅಂದುಕೊಂಡಷ್ಟು ಕೆಲಸ ಮಾಡುವುದಿಲ್ಲ. ಕಾರಣ ಅದರ ಹುಟ್ಟಿನಲ್ಲಿದೆ. ಭಾರತದ ಪ್ರತಿವಿಷಕ್ಕೆ ಬೇಕಾದ ವಿಷದಲ್ಲಿ ಹೆಚ್ಚಿನ ಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಇದು. ಹಾವಿನ ಚರ್ಮದ ವ್ಯಾಪಾರ ನಿಂತು ಬದುಕು ಕಳೆದುಕೊಂಡಿದ್ದ ಇರುಳ ಸಮುದಾಯಕ್ಕೆ ದಾರಿಯಾಯಿತು, ದೇಶಕ್ಕೆ ಮದ್ದಾಯಿತು. ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ.

ತೊಡಕಿರುವುದು ಭೂಗೋಳದಲ್ಲಿ. ಅವರು ಹಿಡಿಯುವ ಹಾವುಗಳು ತಮಿಳುನಾಡಿನ ಕೆಲವು ಜಿಲ್ಲೆಗಳವು. ಅದೇ ಜಾತಿಯ ಹಾವು ರಾಜಸ್ಥಾನದ ಮರಳಿನಲ್ಲಿ, ಬಂಗಾಳದ ಜೌಗಿನಲ್ಲಿ ಬೇರೆ ಬೇಟೆ ತಿಂದು, ಬೇರೆ ಹವೆಯಲ್ಲಿ ಬೆಳೆದಿರುತ್ತದೆ. ಅದರ ವಿಷದ ಮಿಶ್ರಣವೂ ಬೇರೆಯಾಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಈ ವ್ಯತ್ಯಾಸಗಳನ್ನು ಸಾಕಷ್ಟು ವಿವರವಾಗಿ ದಾಖಲಿಸಿದೆ. ಒಂದೇ ಜಾತಿಯ ಹಾವಿನ ವಿಷ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಮಾರುಕಟ್ಟೆಯ ಪ್ರತಿವಿಷ ಕೆಲವು ಕಡೆಯ ವಿಷದ ಮುಂದೆ ಸಪ್ಪೆಯಾಗುತ್ತದೆ ಎಂದು ಅವರ ಅಧ್ಯಯನಗಳು ಹೇಳುತ್ತವೆ. ಪರಿಣಾಮ ಏನು? ಹತ್ತು ವಯಲ್ ಸಾಕಾಗುವಲ್ಲಿ ಇಪ್ಪತ್ತು, ಮೂವತ್ತು ಬೇಕಾಗುತ್ತದೆ. ಡೋಸ್ ಹೆಚ್ಚಿದಷ್ಟೂ ಅಲರ್ಜಿಯ ಸಾಧ್ಯತೆ ಹೆಚ್ಚು, ದಾಸ್ತಾನು ಬೇಗ ಖಾಲಿ.

ಇನ್ನು 'ನಾಲ್ಕರ' ಪಟ್ಟಿಗೆ ಸೇರದ ಹಾವುಗಳ ಕತೆ. ಪಶ್ಚಿಮ ಘಟ್ಟದ ತೋಟಗಳಲ್ಲಿ ಮೂಗಿನ ತುದಿ ಮೇಲಕ್ಕೆ ಉಬ್ಬಿರುವ, ತರಗೆಲೆಯ ಬಣ್ಣದ ಒಂದು ಚಿಕ್ಕ ಮಂಡಲದ ಹಾವಿದೆ. ಕಚ್ಚಿದರೆ ರಕ್ತಸ್ರಾವ, ಕೆಲವರಿಗೆ ಕಿಡ್ನಿ ವೈಫಲ್ಯ. ನೋಡಲು ಕೊಳಕುಮಂಡಲದ ಕಡಿತದ ಹಾಗೇ ಇರುತ್ತದೆ. ಆದರೆ ನಮ್ಮ ಪ್ರತಿವಿಷ ಅದರ ಮೇಲೆ ಕೆಲಸ ಮಾಡುವುದಿಲ್ಲ. ಲಕ್ಷಣ ನೋಡಿ ವಯಲ್ ಮೇಲೆ ವಯಲ್ ಏರಿಸಿದರೆ ಕುದುರೆ ಪ್ರೋಟೀನಿನ ಅಪಾಯ ಮಾತ್ರ ಗಂಟು. ಕಾಳಿಂಗ ಸರ್ಪಕ್ಕೂ ಇದೇ ಮಾತು, ಆದರೆ ಅದು ಮನುಷ್ಯರಿಗೆ ಕಚ್ಚುವುದೇ ತೀರಾ ಅಪರೂಪ.

ಹಾಗಾದರೆ ಪ್ರದೇಶಕ್ಕೊಂದು ಪ್ರತಿವಿಷ ಮಾಡಿದರಾಯಿತಲ್ಲ? ಹಲವು ಸಂಶೋಧಕರ ಬೇಡಿಕೆ ಅದೇ. ತಯಾರಕರ ಲೆಕ್ಕ ಬೇರೆ. ಪ್ರತಿ ಪ್ರದೇಶಕ್ಕೂ ಬೇರೆ ವಿಷ ಸಂಗ್ರಹ, ಬೇರೆ ಕುದುರೆ ಹಿಂಡು, ಬೇರೆ ಪರೀಕ್ಷೆ. ಬೆಲೆಗೆ ಸರ್ಕಾರದ ಕಡಿವಾಣ ಇದೆ, ಕೊಳ್ಳುವವರೂ ಹೆಚ್ಚಾಗಿ ಸರ್ಕಾರಗಳೇ. ಲಾಭ ಇಲ್ಲದಿದ್ದರೆ ಕಂಪನಿ ಕೈಬಿಟ್ಟೀತು. ಆಫ್ರಿಕಾದಲ್ಲಿ ಹಾಗೇ ಆಯಿತು. ಅಲ್ಲಿನ ಹಾವುಗಳಿಗೆ ಸರಿಹೊಂದುತ್ತಿದ್ದ ಒಂದು ಒಳ್ಳೆಯ ಪ್ರತಿವಿಷದ ತಯಾರಿಕೆಯನ್ನು ಫ್ರಾನ್ಸಿನ ಸನೋಫಿ ನಿಲ್ಲಿಸಿತು. ಕೊನೆಯ ದಾಸ್ತಾನಿನ ಅವಧಿ 2016ರಲ್ಲಿ ಮುಗಿಯಿತು. ಇನ್ನೊಂದು ಕಡೆ, ಭಾರತದ ಹಾವುಗಳ ವಿಷದಿಂದ ತಯಾರಾದ ಮದ್ದನ್ನು ಅಗ್ಗ ಅಂತ ತರಿಸಿಕೊಂಡ ಘಾನಾ, ಚಾಡ್ ದೇಶಗಳ ಆಸ್ಪತ್ರೆಗಳಲ್ಲಿ ಸಾವು ಏರಿತು.

ನಡುವಿನ ದಾರಿಯೂ ಇದೆ. ಮದ್ದು ಒಂದೇ ಇರಲಿ, ಆದರೆ ಕುದುರೆಗೆ ಚುಚ್ಚುವ ವಿಷ ಒಂದೇ ಊರಿನದಾಗದೆ ದೇಶದ ನಾಲ್ಕಾರು ಕಡೆಯದಾಗಲಿ. ಇದಕ್ಕೆ ಬೇರೆ ರಾಜ್ಯಗಳಲ್ಲೂ ವಿಷ ಸಂಗ್ರಹ ಕೇಂದ್ರಗಳು ಬೇಕು, ವನ್ಯಜೀವಿ ಕಾಯ್ದೆಯ ಅನುಮತಿ ಬೇಕು. ಹೊಸ ವಿಜ್ಞಾನ ಏನೂ ಬೇಡ. ಕಡಿತದ ವರದಿ ಜಿಲ್ಲಾವಾರು ಸರಿಯಾಗಿ ಬಂದರೆ ಎಲ್ಲಿ ಜಾಸ್ತಿ ವಯಲ್ ಖರ್ಚಾಗುತ್ತಿದೆ, ಎಲ್ಲಿ ಮದ್ದು ಸೋಲುತ್ತಿದೆ ಅಂತ ಕಾಣುತ್ತದೆ. ವೈದ್ಯರು ತುಂಬುವ ಆ ವರದಿಯ ಫಾರಂ ಇಲ್ಲಿ ಉಪಯೋಗಕ್ಕೆ ಬರುತ್ತದೆ.

'ಎಲ್ಲ ಹಾವಿಗೂ ಒಂದೇ ಮದ್ದು' ಅಂದರೆ

ಮೊದಲಲ್ಲಿ ಹೇಳಿದ, ತನಗೆ ತಾನೇ ವಿಷ ಚುಚ್ಚಿಕೊಂಡ ಅಮೆರಿಕದ ಟಿಮ್ ಫ್ರೀಡ್ ಎಂಬವರ ರಕ್ತದಿಂದ ಬೇರ್ಪಡಿಸಿದ ಎರಡು ಪ್ರತಿಕಾಯಗಳನ್ನು ವಾರೆಸ್ಪ್ಲಾಡಿಬ್ ಎಂಬ ಔಷಧಿಯ ಜೊತೆ ಬೆರೆಸಿ ಇಲಿಗಳ ಮೇಲೆ ಪ್ರಯೋಗಿಸಿದ ವರದಿ ಅದು. 19 ಜಾತಿಯ ಹಾವಿನ ವಿಷಗಳಲ್ಲಿ 13ರಿಂದ ಇಲಿಗಳಿಗೆ ಪೂರ್ತಿ ರಕ್ಷಣೆ ಸಿಕ್ಕಿತು, ಉಳಿದ ಆರರಿಂದ ಭಾಗಶಃ. ಕುದುರೆ ಪ್ರೋಟೀನಿನ ರಗಳೆ ಇಲ್ಲ. ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ ಆ 19 ಹಾವುಗಳೂ ನಾಗರ ಮತ್ತು ಕಟ್ಟುಹಾವಿನ ಕುಟುಂಬದವು. ಮಂಡಲಗಳು ಅದರಲ್ಲಿ ಇಲ್ಲ. ಭಾರತದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಹಾವುಗಳಲ್ಲಿ ಕೊಳಕುಮಂಡಲ ಮುಂಚೂಣಿಯಲ್ಲಿದೆ. ಅದನ್ನು ಬಿಟ್ಟು 'ಎಲ್ಲ ಹಾವಿಗೂ' ಎನ್ನುವುದು ತಲೆಬರಹದ ಉತ್ಸಾಹ ಅಷ್ಟೆ. 2024ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು ಜೊತೆಗೂಡಿ ಪ್ರಕಟಿಸಿದ ಕೃತಕ ಪ್ರತಿಕಾಯವೂ ನರಕ್ಕೆ ಹೊಡೆಯುವ ಒಂದು ಬಗೆಯ ವಿಷಕ್ಕೆ ಸಂಬಂಧಿಸಿದ್ದು.

ವಾರೆಸ್ಪ್ಲಾಡಿಬ್ ಬಗ್ಗೆ ಬೇರೆಯೇ ಆಸೆ ಇದೆ. ಅದನ್ನು ಬಾಯಿಂದ ನುಂಗಬಹುದು, ಅಂದರೆ ಊರಲ್ಲೇ ಕೊಟ್ಟು ಆಸ್ಪತ್ರೆಗೆ ಕಳಿಸಬಹುದು. ಭಾರತ ಮತ್ತು ಅಮೆರಿಕದಲ್ಲಿ ರೋಗಿಗಳ ಮೇಲೆ ಪ್ರಯೋಗವೂ ನಡೆದಿದೆ. ಒಟ್ಟಾರೆ ಫಲಿತಾಂಶ ಸ್ಪಷ್ಟ ಗೆಲುವಾಗಲಿಲ್ಲ. ಬೇಗ ಔಷಧಿ ಸಿಕ್ಕವರಲ್ಲಿ ಮಾತ್ರ ಪ್ರಯೋಜನದ ಸುಳಿವು ಕಂಡಿತು. ಹೊಸ ಮದ್ದಾದರೂ ತಡವಾದರೆ ಹಳೆಯದರ ಗತಿಯೇ.

ತಡೆಯುವುದು

ಕತ್ತಲಲ್ಲಿ ಟಾರ್ಚ್, ಗದ್ದೆಗೆ ಗಂಬೂಟು, ಹುಲ್ಲು ಸೌದೆಗೆ ಕೈ ಹಾಕುವ ಮುನ್ನ ಕೋಲಿನಿಂದ ಬಡಿಯುವುದು. ಇದೆಲ್ಲ ಎಲ್ಲರಿಗೂ ಗೊತ್ತು. ಗಂಬೂಟು ಹಾಕಿ ಕೆಸರಲ್ಲಿ ನಾಟಿ ಮಾಡುವುದು ಎಷ್ಟು ಕಷ್ಟ ಅಂತ ಸಲಹೆ ಕೊಡುವವರಿಗೆ ಗೊತ್ತಿಲ್ಲ, ಅಷ್ಟೆ. ಎಲ್ಲಕ್ಕಿಂತ ಸುಲಭದ್ದು ಸೊಳ್ಳೆಪರದೆ. ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿದರೆ ಕಟ್ಟುಹಾವು ಒಳಗೆ ಬರಲಾರದು. ಮಂಚ ಇದ್ದರೆ ಇನ್ನೂ ಒಳ್ಳೆಯದು. ಮಲೇರಿಯಾಕ್ಕೆಂದು ಪರದೆ ಹಂಚುವ ಊರುಗಳಲ್ಲಿ ಈ ಒಂದು ಮಾತನ್ನೂ ಸೇರಿಸಿ ಹೇಳಿದರೆ ಖರ್ಚೇನೂ ಇಲ್ಲ.

ಬದುಕಿ ಬಂದವರ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ಕಾಯಿಲೆಗಳ ಮೊದಲ ಸಾಲಿಗೆ ಸೇರಿಸಿತು. ಅದರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 81,000ದಿಂದ 1,38,000 ಸಾವು. ಅದರ ಮೂರು ಪಟ್ಟು ಜನ ಕೈಕಾಲು ಕಳೆದುಕೊಂಡೋ ಬೇರೆ ಶಾಶ್ವತ ನ್ಯೂನತೆಯಿಂದಲೋ ಉಳಿಯುತ್ತಾರೆ. 2019ರಲ್ಲಿ ಅದು ಹಾಕಿಕೊಂಡ ಗುರಿಯಲ್ಲಿ ಸಾವಿನ ಜೊತೆ ಅಂಗವಿಕಲತೆಯನ್ನೂ ಅರ್ಧಕ್ಕಿಳಿಸುವುದು ಸೇರಿದೆ.

ನಮ್ಮಲ್ಲಿ ಈ ಎರಡನೇ ಭಾಗದ ಮಾತೇ ಕೇಳುವುದಿಲ್ಲ. ಡಿಸ್ಚಾರ್ಜ್ ಆದವರು 'ಗುಣವಾದವರು'. ಕೊಳಕುಮಂಡಲ ಕಚ್ಚಿದವರ ಕಿಡ್ನಿ ತಿಂಗಳುಗಳ ನಂತರವೂ ಪೂರ್ತಿ ಸುಧಾರಿಸದೆ ಇರಬಹುದು. ಕೆಲವರಲ್ಲಿ ಮೆದುಳಿನ ಪಿಟ್ಯುಟರಿ ಗ್ರಂಥಿ ಕೆಟ್ಟು, ವರ್ಷಗಟ್ಟಲೆ ಕಾರಣ ಗೊತ್ತಾಗದ ಸುಸ್ತು ಕಾಡುತ್ತದೆ. ನಾಗರಹಾವಿನ ಕಡಿತದಲ್ಲಿ ಮಾಂಸ ಕೊಳೆತು ಬೆರಳು ಮಡಚಲಾಗದ ಕೂಲಿಯವರು ಮತ್ತೆ ಕುಡುಗೋಲು ಹಿಡಿಯಲಾರರು. ಹಾವು ಕಚ್ಚಿ ಸತ್ತ ರೈತರ ಕುಟುಂಬಕ್ಕೆ ಪರಿಹಾರ ಇದೆ, ಹೀಗೆ ಉಳಿದವರ ಕಡೆ ಯಾರ ಗಮನವೂ ಇಲ್ಲ.

ಕಡ್ಡಾಯ ವರದಿಯಿಂದ ಈಗ ಪ್ರತಿ ರೋಗಿಯ ವಿವರ ಜಿಲ್ಲೆಯಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರು ಕ್ಷಯರೋಗಿಗಳ, ಬಾಣಂತಿಯರ ಮನೆಗೆ ಹೇಗೂ ಹೋಗುತ್ತಾರೆ. ಅವರ ಕೆಲಸಕ್ಕೆ ತಕ್ಕ ಹಣ ಕೊಟ್ಟು, ಹಾವು ಕಚ್ಚಿ ಬದುಕಿದವರ ಮನೆಗೂ ಒಂದು ತಿಂಗಳಾದ ಮೇಲೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ ಕಳಿಸಿದರೆ ಬಿಪಿ, ಮೂತ್ರ ಪರೀಕ್ಷೆ, ಕಿಡ್ನಿಯ ಸ್ಥಿತಿ ತಿಳಿಸುವ ಒಂದು ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸುವ ಚೀಟಿ, ಗಾಯದ ಸ್ಥಿತಿಯ ನೋಟ ಅಷ್ಟರಲ್ಲಿ ಆಗುತ್ತದೆ. ಇಷ್ಟನ್ನು ವರದಿಗೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.